ಬೆಂಕಿ ಆರಿಸಿದ ಬುಧವಾರ: ಆಶ್ಲಿ ಡೌನ್ ಅನಾಥಾಲಯದ ಒಂದು ಪ್ರಕರಣ

1857ರ ನವೆಂಬರ್ ಮುಗಿಯುತ್ತ ಬಂದಿತ್ತು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಅಂಚಿನಲ್ಲಿ, ಆಶ್ಲಿ ಡೌನ್ ಎಂಬ ದಿಬ್ಬದ ಮೇಲಿದ್ದ ಅನಾಥಾಲಯದ ಒಂದನೇ ಕಟ್ಟಡದಲ್ಲಿ ಬಾಯ್ಲರ್ ಸೋರುತ್ತಿದೆ ಎಂಬ ಸುದ್ದಿ ಸ್ಥಾಪಕ ಜಾರ್ಜ್ ಮುಲ್ಲರ್ ಅವರ ಕಿವಿಗೆ ಬಿತ್ತು. ಹನಿ ಹನಿಯಾಗಿ ಜಿನುಗುವ ಸೋರಿಕೆಯಲ್ಲ. ಹಾಗೆಯೇ ಬಿಟ್ಟುಕೊಂಡು ಚಳಿಗಾಲ ಕಳೆಯಲಾಗದಷ್ಟು ದೊಡ್ಡದು. ಆ ಕಟ್ಟಡವನ್ನು ಕಟ್ಟಿದ್ದು 300 ಮಕ್ಕಳ ಲೆಕ್ಕದಲ್ಲಿ: ಏಳು ವರ್ಷ ದಾಟಿದ 140 ಹುಡುಗಿಯರು, 80 ಹುಡುಗರು, ಏಳರ ಒಳಗಿನ 80 ಕೂಸುಗಳು. ಅಷ್ಟೂ ಮಕ್ಕಳ ಕೋಣೆಗಳು ಬೆಚ್ಚಗಿರಬೇಕಾದರೆ ಆ ಬಾಯ್ಲರ್ ಉರಿಯುತ್ತಿರಬೇಕು.

ಪ್ರಾರ್ಥನಾಕೂಟಗಳಲ್ಲಿ ಈ ಘಟನೆಯನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸುವುದು ವಾಡಿಕೆ. ಬಾಯ್ಲರ್ ಕೆಟ್ಟಿತು, ಮುಲ್ಲರ್ ಮೊಣಕಾಲೂರಿದರು, ಗಾಳಿ ದಿಕ್ಕು ಬದಲಿಸಿತು, ಆಮೆನ್. ಕೇಳಿದವರು ತಲೆದೂಗಿ ಮನೆಗೆ ಹೋಗುತ್ತಾರೆ. ಆದರೆ ಮುಲ್ಲರ್ ತಾವೇ ಬರೆದಿಟ್ಟ ವರದಿಯನ್ನು ನಿಧಾನವಾಗಿ ಓದಿದರೆ ಗಾಳಿಯ ಮಾತು ಬರುವುದು ಬಹಳ ತಡವಾಗಿ. ಅದಕ್ಕೂ ಮೊದಲು ಇಟ್ಟಿಗೆ, ಗ್ಯಾಸು, ಹೊಗೆಕೊಳವೆ, ಕಿಟಕಿ ಎಂದು ಒಂದೊಂದನ್ನೂ ಹಿಡಿದು ತೂಗಿ ಕೆಳಗಿಟ್ಟದ್ದು ಕಾಣುತ್ತದೆ. ಈ ಪ್ರಕರಣ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ತೂಗಾಟದಿಂದ. ಅನಾಥಾಲಯ ನಡೆಸುವ ಮಿಷನರಿಯ ದಿನಚರಿಯಲ್ಲಿ ನಂಬಿಕೆ ಎಲ್ಲಿ ಶುರುವಾಗುತ್ತದೆ, ಅದಕ್ಕೆ ಮುಂಚೆ ಏನೇನು ಮುಗಿದಿರಬೇಕು ಎಂಬುದು ಇಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ.

ಮುಲ್ಲರ್ ಎಂದೊಡನೆ ಹಲವರಿಗೆ ನೆನಪಾಗುವುದು ಹಾಲಿನ ಗಾಡಿಯ ಕಥೆ. ಖಾಲಿ ತಟ್ಟೆಗಳ ಮುಂದೆ ಮಕ್ಕಳನ್ನು ಕೂರಿಸಿ ಮುಲ್ಲರ್ ಊಟದ ಪ್ರಾರ್ಥನೆ ಮಾಡುತ್ತಾರೆ; ಅಷ್ಟರಲ್ಲಿ ರೊಟ್ಟಿಯವನು ಬಾಗಿಲು ತಟ್ಟುತ್ತಾನೆ, ಹಿಂದೆಯೇ ಹಾಲಿನವನ ಗಾಡಿ ಮನೆಯೆದುರೇ ಮುರಿದು ಬೀಳುತ್ತದೆ. ಸೊಗಸಾದ ಕಥೆ. ಆದರೆ ಅದು ಒಬ್ಬಾಕೆ ತಮ್ಮ ಬಾಲ್ಯದ ನೆನಪಿನಿಂದ ಮುಂದೆಂದೋ ಹೇಳಿದ್ದು. ಬಾಯ್ಲರ್ ಪ್ರಕರಣ ಹಾಗಲ್ಲ. ಜವಾಬ್ದಾರಿ ಹೊತ್ತವರೇ, ಘಟನೆ ಹಸಿಯಾಗಿರುವಾಗಲೇ, ಅಚ್ಚು ಹಾಕಿಸಿ ಜನರ ಕೈಗೆ ಕೊಟ್ಟ ಬರಹ ಅದು. ಬೇಕಾದವರು ಆ ದಿಬ್ಬಕ್ಕೆ ಹೋಗಿ ವಿಚಾರಿಸಬಹುದಿತ್ತು.

ದಿಬ್ಬಕ್ಕೆ ಬಂದ ದಾರಿ

ಮುಲ್ಲರ್ ಇಂಗ್ಲೆಂಡಿನವರಲ್ಲ. ಹುಟ್ಟಿದ್ದು 1805ರ ಸೆಪ್ಟೆಂಬರ್ 27ರಂದು, ಇಂದಿನ ಜರ್ಮನಿಗೆ ಸೇರಿದ ಪ್ರಷ್ಯದ ಕ್ರೊಪ್ಪೆನ್‌ಸ್ಟೆಟ್‌ನಲ್ಲಿ. ತಂದೆ ಸುಂಕ ವಸೂಲಿಯ ಅಧಿಕಾರಿ. ಮಗ ಆ ಸರ್ಕಾರಿ ಹಣಕ್ಕೇ ಕೈ ಹಾಕುತ್ತಿದ್ದ ಹುಡುಗ. ವಸತಿಗೃಹಗಳಲ್ಲಿ ತಿಂದುಂಡು ಬಾಕಿ ತೀರಿಸದೆ ಸಿಕ್ಕಿಬಿದ್ದು, 1821ರ ಡಿಸೆಂಬರ್‌ನಲ್ಲಿ, ಹದಿನಾರರ ಹರೆಯದಲ್ಲಿ, ಸೆರೆಮನೆ ಕಂಡವರು. ಮುಂದೆ ಒಂದು ಪೈಸೆಯ ಸಾಲವನ್ನೂ ಮಾಡೆನೆಂದು ಹಟ ಹಿಡಿದ ಮನುಷ್ಯನ ಆರಂಭ ಇದು. 1825ರಲ್ಲಿ, ಹಾಲೆ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, ಗೆಳೆಯನೊಬ್ಬನ ಜೊತೆ ಒಂದು ಮನೆಯ ಪ್ರಾರ್ಥನಾಕೂಟಕ್ಕೆ ಹೋದರು. ಅಲ್ಲಿ ಒಬ್ಬರು ಮೊಣಕಾಲೂರಿ ಪ್ರಾರ್ಥಿಸಿದರು. ಪಾದ್ರಿಯಾಗಲು ಓದುತ್ತಿದ್ದ ಈ ವಿದ್ಯಾರ್ಥಿ ಅದುವರೆಗೆ ಯಾರೂ ಮೊಣಕಾಲೂರಿ ಪ್ರಾರ್ಥಿಸಿದ್ದನ್ನು ನೋಡಿರಲಿಲ್ಲವಂತೆ. ಬದುಕು ಅಲ್ಲಿಂದ ತಿರುಗಿತು.

ಹಾಲೆಯಲ್ಲಿ ಆಗುಸ್ಟ್ ಹೆರ್ಮನ್ ಫ್ರಾಂಕೆ ಹದಿನೇಳನೇ ಶತಮಾನದ ಕೊನೆಯಲ್ಲಿ ಕಟ್ಟಿದ ದೊಡ್ಡ ಅನಾಥಾಲಯವಿತ್ತು. ಬಡ ವಿದ್ಯಾರ್ಥಿಗಳಿಗೆ ಅಲ್ಲಿ ಬಿಟ್ಟಿ ವಸತಿ ಸಿಗುತ್ತಿತ್ತು. ಮುಲ್ಲರ್ ಅಲ್ಲಿ ಎರಡು ತಿಂಗಳು ಇದ್ದರು. 1829ರಲ್ಲಿ ಯೆಹೂದ್ಯರ ನಡುವೆ ಸುವಾರ್ತೆ ಸಾರುವ ಮಿಷನರಿಯಾಗಲು ತರಬೇತಿಗೆಂದು ಲಂಡನ್ನಿಗೆ ಬಂದವರು ಆ ಸಂಸ್ಥೆಯಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. 1830ರಲ್ಲಿ ಮೇರಿ ಗ್ರೋವ್ಸ್ ಅವರನ್ನು ಮದುವೆಯಾದರು. ಅದೇ ವರ್ಷ ಸಭಾಪಾಲಕನ ನಿಗದಿತ ಸಂಬಳವನ್ನು ಬಿಟ್ಟುಕೊಟ್ಟರು. ಆ ಹಣ ಬರುತ್ತಿದ್ದುದು ಆಲಯದ ಪೀಠಗಳ ಬಾಡಿಗೆಯಿಂದ, ಹಣವಂತರು ಮುಂದೆ, ಬಡವರು ಹಿಂದೆ ಎಂಬ ಲೆಕ್ಕದಲ್ಲಿ. 1832ರಲ್ಲಿ ಬ್ರಿಸ್ಟಲ್‌ಗೆ ಬಂದರು. 1836ರ ಏಪ್ರಿಲ್‌ನಲ್ಲಿ ವಿಲ್ಸನ್ ಬೀದಿಯ ಒಂದು ಬಾಡಿಗೆ ಮನೆಯಲ್ಲಿ ಹುಡುಗಿಯರ ಅನಾಥಾಲಯ ಶುರುವಾಯಿತು.

ಮಕ್ಕಳ ಮೇಲಿನ ಕರುಣೆಯೇ ಮೊದಲ ಕಾರಣವಾಗಿರಲಿಲ್ಲ ಎಂದು ಮುಲ್ಲರ್ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ದಿನಕ್ಕೆ ಹದಿನಾಲ್ಕರಿಂದ ಹದಿನಾರು ಗಂಟೆ ದುಡಿದು ಬಸವಳಿದ ಒಬ್ಬ ವಿಶ್ವಾಸಿಯನ್ನು ಅವರು ಭೇಟಿ ಮಾಡಿದ್ದರು. ಸ್ವಲ್ಪ ಕಡಿಮೆ ದುಡಿದು ದೇವರ ಕಡೆಗೂ ಮನಸ್ಸು ಕೊಡಬಾರದೇ ಎಂದರೆ, ಕಡಿಮೆ ದುಡಿದರೆ ಸಂಸಾರ ಸಾಗುವುದು ಹೇಗೆ ಎಂಬ ಉತ್ತರ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ ಎಂದು ಬಾಯಲ್ಲಿ ಹೇಳುವವರು ಬಹಳ. ಅದನ್ನು ನೆಚ್ಚಿ ಒಂದು ಗಂಟೆ ಕೆಲಸ ಕಡಿಮೆ ಮಾಡುವವರು ಯಾರು? ಇಂಥವರ ಕಣ್ಣಿಗೆ ಕಾಣುವ ಹಾಗೆ ಒಂದು ಪುರಾವೆ ಬೇಕು ಎಂದು ಮುಲ್ಲರ್ ಹೊರಟರು. ಯಾರಲ್ಲೂ ಹಣ ಕೇಳದೆ, ಸಾಲ ಮಾಡದೆ, ಪ್ರಾರ್ಥನೆಯೊಂದರಿಂದಲೇ ಬಡ ಮಕ್ಕಳ ಹೊಟ್ಟೆ ತುಂಬಿದರೆ, ದೇವರು ಈಗಲೂ ಕೇಳುತ್ತಾನೆ ಎಂಬುದಕ್ಕೆ ಬೇರೆ ವಾದ ಬೇಕಿಲ್ಲ. ಮಕ್ಕಳ ಯೋಗಕ್ಷೇಮ ಎರಡನೆಯ ಉದ್ದೇಶ. ಓದುವಾಗ ಇದು ನನಗೆ ಸ್ವಲ್ಪ ಕಸಿವಿಸಿಯೇ. ಮಗುವಿನ ತಟ್ಟೆ ಒಂದು ದೇವತಾಶಾಸ್ತ್ರದ ಪ್ರಮಾಣವಾಗುವುದು ಯಾರಿಗೆ ಹಿತವೆನಿಸುತ್ತದೆ? ಆದರೆ ಬಾಯ್ಲರ್ ಸೋರಿದ ವಾರದಲ್ಲಿ ಆ ಎರಡನೆಯ ಉದ್ದೇಶ ಮೊದಲನೆಯದನ್ನು ಹಿಂದಕ್ಕೆ ತಳ್ಳಿದ ಹಾಗೆ ಕಾಣುತ್ತದೆ. ಅದು ಮುಂದಿನ ಮಾತು.

1845ರ ಅಕ್ಟೋಬರ್‌ನಲ್ಲಿ ವಿಲ್ಸನ್ ಬೀದಿಯ ನಿವಾಸಿಯೊಬ್ಬರಿಂದ ದೂರಿನ ಕಾಗದ ಬಂತು: ಮಕ್ಕಳ ಗಲಾಟೆಯಿಂದ ನೆರೆಯವರಿಗೆ ನೆಮ್ಮದಿಯಿಲ್ಲ. ಮುಲ್ಲರ್ ಯೋಚಿಸಿ, ಅವರು ಹೇಳುವುದರಲ್ಲಿ ನ್ಯಾಯವಿದೆ ಎಂದುಕೊಂಡರು. ಆಗಲೇ ನಗರದ ಹೊರಗೆ ಸ್ವಂತ ಕಟ್ಟಡದ ಯೋಚನೆ ಬಂದದ್ದು. ಆಶ್ಲಿ ಡೌನ್‌ನ ಮೊದಲ ಕಟ್ಟಡಕ್ಕೆ ಮಕ್ಕಳು ಬಂದು ಸೇರಿದ್ದು 1849ರ ಜೂನ್ 18ರಿಂದ. ಎರಡನೆಯದು, 400 ಮಕ್ಕಳಿಗಾಗಿ, ತೆರೆದದ್ದು 1857ರ ನವೆಂಬರ್ 12ರಂದು. ಬಾಯ್ಲರ್ ಸುದ್ದಿ ಬಂದಾಗ ಹೊಸ ಕಟ್ಟಡಕ್ಕೆ ಇನ್ನೂ ಒಂದು ತಿಂಗಳೂ ತುಂಬಿರಲಿಲ್ಲ.

ಗಂಟೆಯ ಲೆಕ್ಕದ ಮನೆ

ದೇವರನ್ನೇ ನಂಬಿ ನಡೆಯುವ ಮನೆ ಎಂದರೆ ದೈವಚಿತ್ತದಂತೆ ಹೇಗೋ ನಡೆದುಕೊಂಡು ಹೋಗುವ ಮನೆ ಎಂದು ಭಾವಿಸಬಾರದು. ಅಲ್ಲಿ ಎಲ್ಲಕ್ಕೂ ವೇಳೆಯಿತ್ತು. ಬೆಳಿಗ್ಗೆ ಆರಕ್ಕೆ ಮಕ್ಕಳು ಏಳುತ್ತಿದ್ದರು. ಎಂಟಕ್ಕೆ ಗಂಜಿಯ ತಿಂಡಿ, ಆಮೇಲೆ ಬೈಬಲ್ ಓದು ಮತ್ತು ಪ್ರಾರ್ಥನೆ, ಪಾಠ, ಮಧ್ಯಾಹ್ನ ಊಟ, ಮತ್ತೆ ಪಾಠ, ಆಟ, ಸಂಜೆಯ ಆರಾಧನೆ, ರೊಟ್ಟಿ ಮತ್ತು ನೀರು ಬೆರೆಸಿದ ಹಾಲು, ಎಂಟರಿಂದ ಒಂಬತ್ತರೊಳಗೆ ನಿದ್ದೆ. ಹುಡುಗಿಯರು ಹೊಲಿಗೆ, ಹೆಣಿಗೆ ಕಲಿಯುತ್ತಿದ್ದರು. ಬಡವರ ಮಕ್ಕಳಿಗೆ ಇಷ್ಟು ಓದು ಕಲಿಸಿ ಅವರ ಅಂತಸ್ತಿಗೆ ಮೀರಿದ ಆಸೆ ಹುಟ್ಟಿಸುತ್ತಿದ್ದಾರೆ ಎಂದು ಗೊಣಗಿದವರೂ ಇದ್ದರು. ಆ ಕಾಲದಲ್ಲಿ ಅದು ಗಂಭೀರ ಆಕ್ಷೇಪಣೆಯೇ. ಸೇರಿಸಿಕೊಳ್ಳುವ ನಿಯಮ ಮಾತ್ರ ಬಿಗಿ. ತಂದೆ ತಾಯಿ ಇಬ್ಬರನ್ನೂ ಸಾವಿನಿಂದ ಕಳೆದುಕೊಂಡಿರಬೇಕು, ವಿವಾಹಿತ ದಂಪತಿಗೆ ಹುಟ್ಟಿರಬೇಕು, ಗತಿಯಿಲ್ಲದವರಾಗಿರಬೇಕು. ಮದುವೆಯಾಗದ ತಾಯಿಯ ಮಗುವಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಇದನ್ನು ಕಾಲದ ದೋಷ ಎಂದು ತಳ್ಳಿಹಾಕಲು ನನಗೆ ಮನಸ್ಸು ಒಪ್ಪುವುದಿಲ್ಲ. ತಪ್ಪು ಮಾಡದ ಮಗುವಿಗೆ ಬಾಗಿಲು ಮುಚ್ಚುವುದು ಆಗಲೂ ಬಾಗಿಲು ಮುಚ್ಚುವುದೇ.

ಮುಲ್ಲರ್ ಅವರ ಸ್ವಂತ ದಿನ ಶುರುವಾಗುತ್ತಿದ್ದುದು ಬೈಬಲಿನಿಂದ. ಮೊದಲು ಅವರು ಎದ್ದ ಕೂಡಲೇ ಪ್ರಾರ್ಥನೆಗೆ ತೊಡಗುತ್ತಿದ್ದರು. ಎಷ್ಟೋ ಹೊತ್ತು ಮನಸ್ಸು ಅಲೆದಾಡುತ್ತಿತ್ತು. 1841ರಲ್ಲಿ ಕ್ರಮ ಬದಲಿಸಿದರು: ಮೊದಲು ವಚನವನ್ನು ಮೆಲ್ಲಗೆ ಓದಿ ಮನನ ಮಾಡುವುದು, ಅದರಿಂದ ಪ್ರಾರ್ಥನೆ ತಾನಾಗಿ ಹುಟ್ಟುವಂತೆ ಬಿಡುವುದು. ದಿನದ ಮೊದಲ ಕೆಲಸ ತನ್ನ ಆತ್ಮ ಕರ್ತನಲ್ಲಿ ಸಂತೋಷವಾಗಿದೆಯೇ ಎಂದು ನೋಡಿಕೊಳ್ಳುವುದು ಎಂದು ಅವರು ಹೇಳುತ್ತಿದ್ದರು. ಆಮೇಲೆ ಕಾಗದಪತ್ರ, ಸಿಬ್ಬಂದಿಯ ಜೊತೆ ಪ್ರಾರ್ಥನೆ, ಲೆಕ್ಕ. ಮೇರಿ ಅವರ ದಿನ ಬಟ್ಟೆಬರೆಯ ಖರೀದಿ, ಹಾಸಿಗೆ ಹೊದಿಕೆ, ಹಸುಗೂಸುಗಳ ಆರೈಕೆ, ತಿಂಗಳ ಬಿಲ್ಲುಗಳನ್ನು ಕೂಡಿ ಕಳೆದು ಸರಿನೋಡುವುದರಲ್ಲಿ ಕಳೆಯುತ್ತಿತ್ತು. ಮುಲ್ಲರ್ ಅವರ ಹೆಸರು ಲೋಕವೆಲ್ಲ ಹಬ್ಬಿತು; ಆ ಮನೆಯ ಕಂಬಳಿಗಳ ಲೆಕ್ಕ ಗೊತ್ತಿದ್ದುದು ಮೇರಿ ಅವರಿಗೆ.

ಬಂದ ಪ್ರತಿ ಕಾಣಿಕೆಗೂ ರಸೀದಿ, ವರ್ಷಕ್ಕೊಂದು ಅಚ್ಚಿನ ವರದಿ. ವರದಿಯಲ್ಲಿ ಕೊಟ್ಟವರ ಹೆಸರಿಲ್ಲ, ಮೊತ್ತ ಮಾತ್ರ. ಆ ವರದಿಯೇ ಒಂದು ಬಗೆಯ ಬೇಡಿಕೆಯಲ್ಲವೇ ಎಂದು ಟೀಕಿಸಿದವರಿದ್ದರು. ಟೀಕೆಯಲ್ಲಿ ಹುರುಳಿದೆ. ಆದರೆ 1841ರ ಡಿಸೆಂಬರ್‌ನಲ್ಲಿ, ಕೈ ಬರಿದಾಗಿದ್ದ ಹೊತ್ತಿನಲ್ಲೇ, ಸಾರ್ವಜನಿಕ ಸಭೆಯನ್ನೂ ವರದಿಯನ್ನೂ ಅವರು ಬೇಕೆಂದೇ ಮುಂದಕ್ಕೆ ಹಾಕಿದರು. ಕಷ್ಟ ತೋಡಿಕೊಂಡು ಹಣ ಎತ್ತಿದ ಹಾಗಾಗಬಾರದು ಎಂಬ ಕಾರಣಕ್ಕೆ. ಮುಂದಿನ ತಿಂಗಳುಗಳನ್ನು ಅರೆಹೊಟ್ಟೆಯ ಅಂಚಿನಲ್ಲೇ ದಾಟಿದರು.

ಇಟ್ಟಿಗೆಯ ಗೂಡಿನೊಳಗೆ

ಈಗ ಬಾಯ್ಲರಿಗೆ ಬರೋಣ. ಅದೊಂದು ದೊಡ್ಡ ಉರುಳೆ. ಒಳಗೆ ಬೆಂಕಿ, ಅದರಿಂದ ಹೊರಟ ಕೊಳವೆಗಳಲ್ಲಿ ಬಿಸಿನೀರು ಹರಿದು ಕೋಣೆಗಳು ಬೆಚ್ಚಗಾಗುತ್ತಿದ್ದವು. ಬಾಯ್ಲರಿನ ಸುತ್ತ ಇಟ್ಟಿಗೆಯ ಗೂಡು. ಒಳಗಿನ ಸ್ಥಿತಿ ನೋಡಬೇಕಾದರೆ ಗೂಡು ಒಡೆಯಬೇಕು. ಸುಮ್ಮಸುಮ್ಮನೆ ಒಡೆದರೆ ಬಾಯ್ಲರಿಗೇ ಪೆಟ್ಟು. ಎಂಟು ಚಳಿಗಾಲ ಯಾವ ತೊಂದರೆಯೂ ಬಂದಿರಲಿಲ್ಲ. ಹಾಗಾಗಿ ಆ ವರ್ಷ ಅದನ್ನು ಒಡೆದು ನೋಡುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಮುಲ್ಲರ್ ಈ ವಿವರವನ್ನು ಬರೆದದ್ದು ನೆಪ ಹೇಳುವುದಕ್ಕಲ್ಲ. ಅದರ ಜೊತೆಯಲ್ಲೇ ಅವರು ಹಾಕುವ ಒಂದು ಗೆರೆ ಇದೆ, ಇಡೀ ಪ್ರಕರಣದ ಬೆನ್ನೆಲುಬು ಅದು. ಬಾಯ್ಲರ್ ಸವೆದಿದೆ ಎಂಬ ಅನುಮಾನ ಮೊದಲೇ ಇದ್ದು, ಹೊಸದನ್ನು ಹಾಕಿಸಲು ಏನೂ ಮಾಡದೆ, ದೇವರ ಮೇಲೆ ಭಾರ ಹಾಕಿದ್ದೇನೆ ಎಂದು ಕುಳಿತಿದ್ದರೆ, ಅದು ನಂಬಿಕೆಯಲ್ಲ, ಅಜಾಗರೂಕತೆಯ ಅಹಂಕಾರ, ನಂಬಿಕೆಯ ಖೋಟಾ ನಾಣ್ಯ. ಇದು ಅವರ ಮಾತಿನ ಸಾರ. ಪ್ರಾರ್ಥನೆಗೆ ಕೂರುವ ಮೊದಲು ಮುಲ್ಲರ್ ತಮ್ಮನ್ನು ತಾವೇ ಕಟಕಟೆಯಲ್ಲಿ ನಿಲ್ಲಿಸಿಕೊಂಡು ಕೇಳಿದ್ದಾರೆ: ನನಗೆ ಗೊತ್ತಿತ್ತೇ? ಗೊತ್ತಾಗಬೇಕಿತ್ತೇ? ಎರಡಕ್ಕೂ ಇಲ್ಲ ಎಂಬ ಉತ್ತರ ಸಿಕ್ಕಿದ ಮೇಲೆಯೇ ದೇವರ ಮುಂದೆ ಹೋಗುವ ಧೈರ್ಯ. ಆಶ್ರಮ, ಶಾಲೆ, ಆಸ್ಪತ್ರೆ ಎಂದು ನಂಬಿಕೆಯ ಹೆಸರಿನಲ್ಲಿ ನಡೆಯುವ ಎಷ್ಟು ಕಡೆ ಈ ಎರಡು ಪ್ರಶ್ನೆಗಳನ್ನು ಯಾರಾದರೂ ಕೇಳಿಕೊಳ್ಳುತ್ತಾರೆ? ತುಕ್ಕು ಹಿಡಿದ ಕಬ್ಬಿಣವನ್ನು ಕಂಡೂ ಕಾಣದಂತೆ ಬಿಟ್ಟು, ಅದು ಕುಸಿದ ದಿನ ದೇವರ ಚಿತ್ತ ಎನ್ನುವವರನ್ನು ಕಂಡವರಿಗೆ ಈ ಗೆರೆಯ ಬೆಲೆ ಗೊತ್ತು.

ಗೊತ್ತಿರಲಿಲ್ಲ, ಸರಿ. ಆದರೆ ಈಗ ಗೊತ್ತಾಯಿತಲ್ಲ, ಏನು ಮಾಡುವುದು? ಹೊಸ ಬಾಯ್ಲರ್ ಬಂದು ಕೂರಲು ವಾರಗಟ್ಟಲೆ ಬೇಕು. ಇದ್ದುದನ್ನೇ ದುರಸ್ತಿ ಮಾಡೋಣವೆಂದರೆ, ಅಷ್ಟು ದೊಡ್ಡ ಸೋರಿಕೆ ದುರಸ್ತಿಗೆ ಬಗ್ಗುತ್ತದೆಯೇ ಎಂಬುದೇ ಅನುಮಾನ. ಗೂಡನ್ನು ಒಂದಿಷ್ಟಾದರೂ ಕೀಳದೆ ಹೇಳುವ ಹಾಗಿಲ್ಲ. ಕೀಳಲು ದಿನಗಳೇ ಬೇಕಾದೀತು ಎಂಬ ಅಂದಾಜು. ಕಿತ್ತಷ್ಟು ದಿನ ಬೆಂಕಿ ಇಲ್ಲ. ಆ ನಡುವಿನ ದಿನಗಳಿಗೆ 300 ಮಕ್ಕಳನ್ನು ಎಲ್ಲಿ ಬೆಚ್ಚಗಿಡುವುದು?

ಮೊದಲು ಹೊಳೆದದ್ದು ಗ್ಯಾಸಿನ ಒಲೆ. ಕೋಣೆಗಳು ಬಹಳ ದೊಡ್ಡವು, ಹಾಗಾಗಿ ಒಲೆಗಳೂ ಬಹಳ ಬೇಕು. ಅಷ್ಟು ಒಲೆಗೆ ಸಾಲುವಷ್ಟು ಗ್ಯಾಸು ದೀಪಗಳಿಗೆ ಬಳಸುವ ಪಾಲಿನಿಂದ ಉಳಿಯುತ್ತಿರಲಿಲ್ಲ. ಮೇಲಾಗಿ ಒಂದೊಂದು ಒಲೆಗೂ ಕೆಟ್ಟ ಗಾಳಿ ಹೊರಹೋಗಲು ಒಂದೊಂದು ಕೊಳವೆ ಬೇಕು. ಅಂಗಡಿಗೋ ಮೆಟ್ಟಿಲಸಾಲಿಗೋ ಸರಿಹೋಗುವ ಉಪಾಯ, ಮಕ್ಕಳು ಮಲಗುವ ಕೋಣೆಗಲ್ಲ. ಎರಡನೆಯದು ವೈದ್ಯ ನೀಲ್ ಆರ್ನಟ್ ರೂಪಿಸಿದ್ದ ಒಲೆಗಳು. ಅವಕ್ಕೆ ಉದ್ದುದ್ದದ ಹೊಗೆಕೊಳವೆಗಳು ಬೇಕು, ತಾತ್ಕಾಲಿಕವಾದ್ದರಿಂದ ಕಿಟಕಿಗಳ ಮೂಲಕವೇ ಹೊರಗೆ ಬಿಡಬೇಕು. ಅಷ್ಟೆಲ್ಲ ಮಾಡಿ ಉಪಯೋಗವಾಗುತ್ತದೆಯೋ ಇಲ್ಲವೋ. ಕೋಣೆಗಳಂತೂ ಬಹುತೇಕ ಶಾಶ್ವತವಾಗಿ ಅಂದಗೆಡುತ್ತವೆ. ಅದನ್ನೂ ಕೈಬಿಟ್ಟರು. ಈ ಕಷ್ಟ ಪರಿಹಾರವಾಗುವುದಾದರೆ ಸಂತೋಷದಿಂದ ನೂರು ಪೌಂಡು ಕೊಡುತ್ತಿದ್ದೆ ಎನ್ನುತ್ತಾರೆ ಮುಲ್ಲರ್. ಇಲ್ಲಿ ಒಂದು ವಿಪರ್ಯಾಸವಿದೆ. ಜೀವನವಿಡೀ ಹಣಕ್ಕಾಗಿ ದೇವರ ಬಾಗಿಲು ತಟ್ಟಿದವರೆಂದು ಹೆಸರಾದ ಮನುಷ್ಯನ ಮುಂದೆ ಈಗ ಹಣದಿಂದ ಬಗೆಹರಿಯದ ತೊಡಕು ಬಂದು ಕೂತಿತ್ತು. ಕಾಣಿಕೆಯ ಡಬ್ಬಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ವರದಿಯ ಈ ಭಾಗದಲ್ಲಿ ದೇವರ ಮಹಿಮೆಯ ಮಾತಿಗಿಂತ ಹೆಚ್ಚು ಕೇಳಿಸುವುದು ಚಿಕ್ಕ ಮಕ್ಕಳ ಚಳಿ. ಅದರಲ್ಲೂ ಕೂಸುಗಳ ಬಗ್ಗೆ ತಮಗೆ ತುಂಬ ಚಿಂತೆಯಾಯಿತು ಎಂದು ಅವರು ಬಿಚ್ಚಿ ಬರೆದಿದ್ದಾರೆ. ತಮ್ಮ ಮಗ ಎಲೈಜಾನನ್ನು, ಹದಿನೈದು ತಿಂಗಳ ಕೂಸನ್ನು, 1835ರ ಜೂನ್‌ನಲ್ಲಿ ಕಳೆದುಕೊಂಡ ತಂದೆ ಅವರು. ಆ ಮಗುವಿಗಾಗಿಯೂ ಅವರು ಪ್ರಾರ್ಥಿಸಿದ್ದರು.

ಕೊನೆಗೆ ಬಂದ ನಿರ್ಧಾರವನ್ನು ಅವರು ಹೇಳುವ ರೀತಿ ನೋಡಬೇಕು. ಕರುಣಾಳುವಾದ ದೇವರ ಕೈಗೆ ಪೂರ್ತಿಯಾಗಿ ಒಪ್ಪಿಸಿಕೊಂಡೆ ಎನ್ನುತ್ತಾರೆ. ಅದೇ ಉಸಿರಿನಲ್ಲಿ, ಏನಾದರಾಗಲಿ ಇಟ್ಟಿಗೆಯ ಗೂಡನ್ನು ತೆರೆಸಿ ನೋಡುವುದೆಂದು ತೀರ್ಮಾನಿಸಿದೆ ಎನ್ನುತ್ತಾರೆ. ಒಪ್ಪಿಸುವುದು ಮತ್ತು ಒಡೆಸುವುದು ಅವರಿಗೆ ಎರಡು ಕೆಲಸಗಳಲ್ಲ. ಕೆಲಸಗಾರರಿಗೆ ಹೇಳಿಕಳಿಸಿದರು. ಒಂದು ಬುಧವಾರ ನಿಗದಿಯಾಯಿತು, ಡಿಸೆಂಬರಿನ ಮೊದಲ ದಿನಗಳಲ್ಲಿ.

ಉತ್ತರದ ಗಾಳಿ

ದಿನ ಗೊತ್ತುಮಾಡಿದ ಮೇಲೆ, ಹಿಂದಿನ ಗುರುವಾರವೋ ಶುಕ್ರವಾರವೋ, ಉತ್ತರದಿಂದ ಕೊರೆಯುವ ಗಾಳಿ ಎದ್ದಿತು. ಗುರುವಾರವೋ ಶುಕ್ರವಾರವೋ ಎಂಬ ಅನುಮಾನ ಮುಲ್ಲರ್ ಅವರದೇ. ಇಂಥ ಚಿಕ್ಕ ಅನುಮಾನಗಳನ್ನು ಅಳಿಸದೆ ಉಳಿಸಿಕೊಂಡ ಬರಹವನ್ನು ನಾನು ಹೆಚ್ಚು ನಂಬುತ್ತೇನೆ. ಆ ಚಳಿಗಾಲದ ಮೊದಲ ನಿಜವಾದ ಚಳಿ ಅದು. ದುರಸ್ತಿ ಮುಂದಕ್ಕೆ ಹಾಕುವಂತಿರಲಿಲ್ಲ.

ಪ್ರಾರ್ಥನೆಯ ಸರದಿ ಬಂದದ್ದು ಈಗ. ಅವರು ಕೇಳಿದ್ದು ಎರಡೇ ಎರಡು. ಒಂದು, ಉತ್ತರದ ಗಾಳಿ ದಕ್ಷಿಣಕ್ಕೆ ತಿರುಗಲಿ. ಇನ್ನೊಂದು, ಬರುವ ಕೆಲಸಗಾರರಿಗೆ ಕೆಲಸದಲ್ಲಿ ಮನಸ್ಸಿರಲಿ. ಎರಡನೆಯದು ನೆಹೆಮೀಯನ ಪುಸ್ತಕದಿಂದ ಬಂದ ಮಾತು: ಜನರು ಮನಸ್ಸಿಟ್ಟು ದುಡಿದದ್ದರಿಂದ ಯೆರೂಸಲೇಮಿನ ಗೋಡೆ 52 ದಿನಗಳಲ್ಲಿ ಎದ್ದು ನಿಂತಿತು. (ಆಗ ಮುಲ್ಲರ್ ಅವರಿಗೂ 52 ವರ್ಷ; ಅದನ್ನು ಅವರು ಗಮನಿಸಿದ ಹಾಗಿಲ್ಲ.)

ಏನನ್ನು ಕೇಳಲಿಲ್ಲ ಎಂಬುದನ್ನೂ ಲೆಕ್ಕ ಹಾಕಬೇಕು. ಬಾಯ್ಲರ್ ತಾನಾಗಿ ಸರಿಹೋಗಲಿ ಎಂದು ಕೇಳಲಿಲ್ಲ. ಸೋರಿಕೆ ನಿಲ್ಲಲಿ ಎಂದು ಕೇಳಲಿಲ್ಲ. ಮಕ್ಕಳಿಗೆ ಚಳಿಯೇ ಗೊತ್ತಾಗದಿರಲಿ ಎಂದೂ ಕೇಳಲಿಲ್ಲ. ಕಬ್ಬಿಣದ ಕೆಲಸ ಕಬ್ಬಿಣ ಬಲ್ಲವರದು. ಅದನ್ನು ಅವರಿಗೇ ಬಿಟ್ಟರು. ಗಾಳಿ ಯಾರ ಕೈಯಲ್ಲೂ ಇಲ್ಲ, ಇನ್ನೊಬ್ಬರ ಮನಸ್ಸೂ ತನ್ನ ಕೈಯಲ್ಲಿಲ್ಲ. ಆ ಎರಡನ್ನು ಮಾತ್ರ ಮೇಲಕ್ಕೆ ಒಯ್ದರು. ಪ್ರಾರ್ಥನೆಯನ್ನು ಇಷ್ಟು ಕಿರಿದಾಗಿ ಕತ್ತರಿಸಿಕೊಳ್ಳಲು, ನನಗನಿಸುವಂತೆ, ಮೊದಲು ಗ್ಯಾಸು ಮತ್ತು ಆರ್ನಟ್ ಒಲೆಗಳ ಲೆಕ್ಕ ಮುಗಿಸಿರಲೇಬೇಕು. ಲೆಕ್ಕ ಮಾಡದವನ ಪ್ರಾರ್ಥನೆ ಎಲ್ಲವನ್ನೂ ಕೇಳುತ್ತದೆ.

ಮಂಗಳವಾರ ಸಂಜೆಯೂ ಉತ್ತರದ ಗಾಳಿ ಬೀಸುತ್ತಲೇ ಇತ್ತು.

ರಾತ್ರಿ ಎಂಟೂವರೆ

ಬುಧವಾರ ಗಾಳಿ ದಕ್ಷಿಣದಿಂದ ಬೀಸಿತು. ಬೆಂಕಿಯೇ ಬೇಡ ಎನ್ನುವಷ್ಟು ಹವೆ ಮೆತ್ತಗಾಯಿತು. ಇಟ್ಟಿಗೆ ಕಿತ್ತರು, ಸೋರಿಕೆಯ ಜಾಗ ಬೇಗನೆ ಸಿಕ್ಕಿತು, ಬಾಯ್ಲರ್ ಕೆಲಸದವರು ಕೈ ಹಚ್ಚಿದರು.

ರಾತ್ರಿ ಎಂಟೂವರೆಯ ಹೊತ್ತಿಗೆ ಮುಲ್ಲರ್ ಮನೆಗೆ ಹೊರಟು ಬಾಗಿಲ ಕಾವಲುಮನೆಯ ಬಳಿ ಬಂದಾಗ, ಕೆಲಸ ವಹಿಸಿಕೊಂಡ ಸಂಸ್ಥೆಯ ಮುಖ್ಯಸ್ಥರೇ ನೋಡಲು ಬಂದಿದ್ದಾರೆ ಎಂದು ತಿಳಿಯಿತು. ತಿರುಗಿ ನೆಲಮಾಳಿಗೆಗೆ ಇಳಿದರು. ಕೆಲಸ ಬೇಗ ಮುಗಿಯುವ ದಾರಿ ಏನೆಂದು ಮಾತಾಡಿದರು. ಇವರು ಇವತ್ತು ತಡವಾಗುವವರೆಗೂ ದುಡಿಯುತ್ತಾರೆ, ನಾಳೆ ನಸುಕಿನಲ್ಲೇ ಮತ್ತೆ ಬರುತ್ತಾರೆ ಎಂದು ಮುಖ್ಯಸ್ಥರು ಕೆಲಸಗಾರರಿಗೆ ಕೇಳಿಸುವಂತೆಯೇ ಹೇಳಿದರು. ಆಗ ಅವರಲ್ಲಿ ಮುಂದಾಳಾಗಿದ್ದವನು ನಡುವೆ ಬಾಯಿ ಹಾಕಿದ: ಅದಕ್ಕಿಂತ ನಾವು ರಾತ್ರಿಯಿಡೀ ದುಡಿಯುತ್ತೇವೆ, ಸ್ವಾಮಿ.

ಮುಲ್ಲರ್ ಅವರಿಗೆ ತಮ್ಮ ಪ್ರಾರ್ಥನೆಯ ಎರಡನೇ ಭಾಗ ನೆನಪಾದದ್ದು ಆಗ. ನನಗೆ ಈ ಇಡೀ ಪ್ರಕರಣದಲ್ಲಿ ಅತಿ ಪ್ರಿಯವಾದ ಜಾಗ ಇದು, ಗಾಳಿಯಲ್ಲ. ಗಾಳಿ ಎಲ್ಲರ ತಲೆಯ ಮೇಲೂ ಬೀಸುತ್ತದೆ. ನೆಲಮಾಳಿಗೆಯ ಮಸಿಯಲ್ಲಿ ದುಡಿದ ಒಬ್ಬ ಕೆಲಸಗಾರ, ಯಜಮಾನ ಮನೆಗೆ ಹೋಗಲು ಒಪ್ಪಿಗೆ ಕೊಟ್ಟ ಮೇಲೂ, ಹೋಗುವುದಿಲ್ಲ ಎಂದನಲ್ಲ, ಅದು ಅವನೊಬ್ಬನ ಬಾಯಿಂದಲೇ ಬರಬೇಕಾದ ಮಾತು. ವರದಿಯಲ್ಲಿ ಅವನಿಗೆ ಹೆಸರಿಲ್ಲ. ಮೇಲಿನ ಮಹಡಿಗಳಲ್ಲಿ ಮಲಗಿದ್ದ ಮಕ್ಕಳ ನೆನಪೋ, ಕೆಲಸದ ಮೇಲಿನ ಅಭಿಮಾನವೋ, ಅರ್ಧಕ್ಕೆ ಬಿಟ್ಟರೆ ಕಬ್ಬಿಣ ಕೈಕೊಡುತ್ತದೆ ಎಂಬ ಅನುಭವವೋ, ಯಾವುದಾದರೂ ಆಗಿರಬಹುದು. ಕೆಲಸದಲ್ಲಿ ಮನಸ್ಸು ಎಂದರೆ ಇವೆಲ್ಲವೂ ಸೇರಿದ್ದೇ ತಾನೆ.

ಬೆಳಗಾಗುವಷ್ಟರಲ್ಲಿ ಸೋರಿಕೆ ನಿಂತಿತ್ತು, ಬಹಳ ಕಷ್ಟಪಟ್ಟ ಮೇಲೆ. ಸುಮಾರು ಮೂವತ್ತು ಗಂಟೆಗಳೊಳಗೆ ಇಟ್ಟಿಗೆಯ ಗೂಡು ಮತ್ತೆ ಎದ್ದು, ಬಾಯ್ಲರಿನಲ್ಲಿ ಬೆಂಕಿ ಹೊತ್ತಿತ್ತು.

ತೂಕ ಹಾಕಿದರೆ

ಸಂಶಯವಾದಿಗೆ ಇಲ್ಲಿ ಕೆಲಸ ಸುಲಭ. ಬ್ರಿಟನ್ನಿನಲ್ಲಿ ಹೆಚ್ಚು ಕಾಲ ಬೀಸುವುದು ನೈಋತ್ಯದ ಗಾಳಿ, ಅಟ್ಲಾಂಟಿಕ್ ಸಾಗರದ ಮೇಲಿಂದ ಬರುವ ಮೆತ್ತನೆಯ ಗಾಳಿ. ಉತ್ತರದ ಗಾಳಿ ಅತಿಥಿಯಂತೆ ಬಂದು ಕೆಲವು ದಿನ ಇದ್ದು ಹೋಗುತ್ತದೆ. ಐದಾರು ದಿನ ಬೀಸಿದ್ದು ಮರುದಿನ ತಿರುಗಿದರೆ ಅದರಲ್ಲಿ ಅಚ್ಚರಿ ಏನು? ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಒಂದು ಬುಧವಾರದ ಹವೆಯಿಂದ ದೇವರನ್ನು ಸಾಧಿಸಲು ಹೊರಡುವವರು, ಇನ್ನೊಂದು ಬುಧವಾರದ ಹವೆ ಕೈಕೊಟ್ಟಾಗ ಏನು ಹೇಳುತ್ತಾರೆ? ಮುಲ್ಲರ್ ಅವರಿಗೆ ಮಾತ್ರ ಇದು ಪುರಾವೆಯೇ. ಪ್ರಾರ್ಥನೆಯಿಂದ ಮತ್ತು ನಂಬಿಕೆಯಿಂದ ಗೆದ್ದ ಕಷ್ಟಗಳಲ್ಲಿ ಒಂದು ಎಂದೇ ಅವರು ಇದನ್ನು ಜಮಾ ಹಾಕಿಕೊಂಡರು.

ಆದರೆ ಸಂಶಯವಾದಿಯೂ ಭಕ್ತನೂ ಒಪ್ಪಬಹುದಾದ ಒಂದು ಅಂಶ ಉಳಿಯುತ್ತದೆ. ಗಾಳಿ ತಿರುಗದಿದ್ದರೂ ಆ ಬುಧವಾರ ಇಟ್ಟಿಗೆ ಕೀಳುವುದು ನಿಲ್ಲುತ್ತಿರಲಿಲ್ಲ. ದಿನ ಗೊತ್ತಾಗಿತ್ತು, ಜನ ಬರುವವರಿದ್ದರು, ಮಂಗಳವಾರ ರಾತ್ರಿಯ ಚಳಿಯಲ್ಲಿಯೂ ಮುಲ್ಲರ್ ಅದನ್ನು ರದ್ದು ಮಾಡಲಿಲ್ಲ. ದಕ್ಷಿಣದ ಗಾಳಿ ಬಂದರೆ ಮಾತ್ರ ಕೆಲಸ ಎಂಬ ಷರತ್ತು ಅವರ ಪ್ರಾರ್ಥನೆಯಲ್ಲಿ ಇರಲಿಲ್ಲ. ಮಕ್ಕಳು ಒಂದೆರಡು ರಾತ್ರಿ ಚಳಿಯಲ್ಲಿ ನಡುಗಬಹುದಾದ ಸಾಧ್ಯತೆಯನ್ನು ಎದುರಿಗಿಟ್ಟುಕೊಂಡೇ ಅವರು ಮಲಗಿದ್ದು. ಅವರ ನಂಬಿಕೆಯ ನಿಜವಾದ ತೂಕ ಸಿಗುವುದು ಆ ಮಂಗಳವಾರದ ರಾತ್ರಿಯಲ್ಲಿ, ಬುಧವಾರದ ಬೆಳಗಿನಲ್ಲಲ್ಲ.

ಇನ್ನೊಂದು ಮಾತು. ಅವತ್ತು ಆದದ್ದು ತೇಪೆ, ಹೊಸ ಬಾಯ್ಲರ್ ಅಲ್ಲ. ಆ ಚಳಿಗಾಲ ದಾಟಿಸಿದರೆ ಸಾಕು ಎಂಬುದಷ್ಟೇ ಗುರಿ. ಮುಂದೆ ಆ ದಿಬ್ಬದ ಮೇಲೆ ಇನ್ನೂ ಮೂರು ಕಟ್ಟಡಗಳು ಎದ್ದವು: 1862ರಲ್ಲಿ, 1868ರಲ್ಲಿ, 1870ರಲ್ಲಿ. ಒಟ್ಟು ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಜಾಗ. ಐದನೆಯ ಕಟ್ಟಡ ತೆರೆದ ಮರು ತಿಂಗಳೇ, 1870ರ ಫೆಬ್ರವರಿಯಲ್ಲಿ, ಮೇರಿ ತೀರಿಕೊಂಡರು. ಎಪ್ಪತ್ತರ ಗಡಿಯಲ್ಲಿ ಮುಲ್ಲರ್ ಮಿಷನರಿ ಯಾತ್ರೆಗೆ ಹೊರಟು 1875ರಿಂದ 1892ರವರೆಗೆ ದೇಶದೇಶ ಸುತ್ತಿದರು. 1829ರಲ್ಲಿ ಕೈತಪ್ಪಿದ ಕೆಲಸ ಹೀಗೆ ಮುಪ್ಪಿನಲ್ಲಿ ಸಿಕ್ಕಿತು. 1898ರ ಮಾರ್ಚ್ 10ರಂದು ಅವರು ತೀರಿಕೊಳ್ಳುವ ಹೊತ್ತಿಗೆ ಸುಮಾರು ಹತ್ತು ಸಾವಿರ ಮಕ್ಕಳು ಅವರ ಮನೆಗಳಲ್ಲಿ ಬೆಳೆದಿದ್ದರು.

ವರದಿಯಲ್ಲಿ ಈ ಪ್ರಕರಣ ಒಂದೆರಡು ಪುಟ ಅಷ್ಟೆ. ದುರಸ್ತಿ ನಡೆದಷ್ಟು ಹೊತ್ತೂ ದಕ್ಷಿಣದ ಗಾಳಿ ಮೆಲ್ಲಗೆ ಬೀಸುತ್ತಿತ್ತು, ಬೆಂಕಿಯ ಅಗತ್ಯವೇ ಬೀಳಲಿಲ್ಲ ಎನ್ನುವಲ್ಲಿಗೆ ಹವೆಯ ಮಾತು ನಿಲ್ಲುತ್ತದೆ. ಒಲೆ ಹೊತ್ತಿದ ಮೇಲೆ ಗಾಳಿ ಯಾವ ಕಡೆಯಿಂದ ಬೀಸಿತು ಎಂದು ಮುಲ್ಲರ್ ಬರೆಯುವುದಿಲ್ಲ. ಅಷ್ಟು ಹೊತ್ತಿಗೆ ಕೋಣೆಗಳ ಕೊಳವೆಗಳಲ್ಲಿ ಬಿಸಿನೀರು ಹರಿಯತೊಡಗಿತ್ತು.